ಮೆಟ್ಟಿಲಿಲ್ಲದ ಮನೆಯ ಫೋಟೋ

ಈ ಕಥೆಯಲ್ಲಿ ಪವಾಡವಿಲ್ಲ. ಪವಾಡ ಬೇಕಾದವರು ಇಲ್ಲೇ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಹೊಳೆಯ ದಂಡೆಗೆ ಒಂದು ದಿಬ್ಬ, ದಿಬ್ಬದ ಮೇಲೆ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹತ್ತಿ ಬರಲು ಹನ್ನೊಂದು ಮೆಟ್ಟಿಲು. ಅಲ್ಲಿ ನಿರುಪಾದಿ ಅಜ್ಜ ಇದ್ದರು. ಅವರ ಶಿಷ್ಯ ಅಡಿವೆಪ್ಪ ಒಂಬತ್ತು ವರ್ಷದಿಂದ ಅವರಿಗೆ ನೀರು ಹೊತ್ತಿದ್ದ.

ಬರೀ ನೀರು ಹೊತ್ತರೆ ಆಶ್ರಮ ಉದ್ಧಾರವಾಗುವುದಿಲ್ಲ ಎಂದು ಹತ್ತನೇ ವರ್ಷಕ್ಕೆ ಅವನಿಗೆ ಅನಿಸಿತು. ಅಡುಗೆಮನೆಯ ಮಾಡು ಸೋರುತ್ತಿತ್ತು. ಪೇಟೆಯಲ್ಲಿ ಮನೆ ಮಾರಿಸುವ ದಲ್ಲಾಳಿಯೊಬ್ಬ ಅವನ ಕೈಗೆ ಒಂದು ಫೋನು ಕೊಟ್ಟು ಕೆಲಸ ಹೇಳಿದ. ಮಾರಾಟಕ್ಕಿರುವ ಮನೆಗಳನ್ನು ಸಜ್ಜು ಮಾಡಬೇಕು, ಚೆಂದಾಗಿ ಫೋಟೋ ತೆಗೆದು ಕಳಿಸಬೇಕು.

ಸಜ್ಜು ಮಾಡುವುದು ಅಂದರೆ ಏನು ಎಂದು ಅಜ್ಜ ಕೇಳಿದರು.

ಅಡಿವೆಪ್ಪ ಕಲಿತದ್ದನ್ನು ಒಪ್ಪಿಸಿದ. ಬಾಗಿಲ ಬಳಿಯ ಚಪ್ಪಲಿ ತೆಗೆಯಬೇಕು. ಕಸಬರಿಗೆ, ಔಷಧಿ ಶೀಶೆ, ಹಗ್ಗದ ಮೇಲಿನ ಒದ್ದೆ ಬಟ್ಟೆ, ಗೋಡೆಯ ಮೇಲಿನ ತೀರಿಹೋದವರ ಪಟ, ಎಲ್ಲ ತೆಗೆಯಬೇಕು. ಕಿಟಕಿ ತೆರೆದು ಬೆಳಕು ಬಿಡಬೇಕು. ಈ ಮನೆಯಲ್ಲಿ ಯಾರೂ ಯಾವತ್ತೂ ಕೆಮ್ಮಿಲ್ಲ, ಅತ್ತಿಲ್ಲ ಎಂದು ನೋಡಿದವರಿಗೆ ಅನಿಸಬೇಕು.

“ತೆಗೆಯೋದು ಗೊತ್ತಾತು,” ಅಂದರು ಅಜ್ಜ. “ಮುಚ್ಚೋದೂ ಇರತೈತೇನು?”

“ಸ್ವಲ್ಪ ಇರತೈತ್ರಿ.”

“ಸ್ವಲ್ಪ ಅಂದ್ರ ಎಷ್ಟು?”

ಅಡಿವೆಪ್ಪ ನಕ್ಕು ಕೊಡ ಎತ್ತಿಕೊಂಡು ಹೊಳೆಗೆ ಹೋದ. ಅಜ್ಜ ಮತ್ತೆ ಕೇಳಲಿಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ. ಅಜ್ಜ ಮತ್ತೆ ಕೇಳಲಿಲ್ಲ.

ಅವನಿಗೆ ಸಿಕ್ಕ ಮೊದಲ ಮನೆ ದಿಬ್ಬದ ಬುಡದಲ್ಲೇ, ಕೆಳಗಿನ ಓಣಿಯಲ್ಲಿತ್ತು. ಹೊಳೆಗೆ ಹತ್ತಿರವಿದ್ದವರು ಎತ್ತರದ ಕಟ್ಟೆ ಹಾಕಿ ಅದರ ಮೇಲೆ ಮನೆ ಕಟ್ಟುತ್ತಾರೆ. ಇದನ್ನು ಕಟ್ಟಿಸಿದ ಜುಗ್ಗ ಕಟ್ಟೆಯನ್ನೇ ಹಾಕಿರಲಿಲ್ಲ. ಹೊಸ್ತಿಲು ನೆಲಕ್ಕೆ ನೆಲ. ಮೂರು ವರ್ಷದ ಹಿಂದೆ ನೆರೆ ಬಂದಾಗ ನೀರು ನಿಂತವನ ಎದೆಮಟ್ಟಕ್ಕೆ ಬಂದು, ನಾಲ್ಕು ದಿನ ಇದ್ದು ಹೋಗಿತ್ತು. ಮನೆಯವರು ಬೀಗ ಹಾಕಿ ಊರು ಬಿಟ್ಟಿದ್ದರು.

ಅಡಿವೆಪ್ಪ ಮೈಮುರಿದು ದುಡಿದ. ಹೂಳು ಕೆರೆದ, ನೆಲ ತಿಕ್ಕಿದ, ಬಾಗಿಲಿಗೆ ಎಣ್ಣೆ ಹಚ್ಚಿದ, ಗೋಡೆಗೆ ಸುಣ್ಣ ಬಳಿದ. ಆದರೆ ನೆರೆ ಕಂಡ ಗೋಡೆ ಸುಮ್ಮನಿರುವುದಿಲ್ಲ. ನೀರು ಎಲ್ಲಿವರೆಗೆ ನಿಂತಿತ್ತೋ ಅಲ್ಲಿಗೆ ಒಂದು ಕಂದು ಗೆರೆ ಬಿಟ್ಟಿರುತ್ತದೆ.

ಮೂರು ಸಲ ಬಳಿದ ಮೇಲೆ ಮೂರು ಗೋಡೆಗಳು ಬೆಳ್ಳಗಾದವು. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಮಾತ್ರ ಒಂದೂವರೆ ಮೊಳದಷ್ಟು ಗೆರೆ ಹಠ ಹಿಡಿದಿತ್ತು. ಸುಣ್ಣ ಒಣಗಿದಂತೆಲ್ಲ ಮತ್ತೆ ಎದ್ದು ಕಾಣುತ್ತಿತ್ತು.

ಅವನು ಅದನ್ನು ನೋಡುತ್ತ ಬಹಳ ಹೊತ್ತು ಕೂತ. ಆಮೇಲೆ ದಿಬ್ಬ ಹತ್ತಿ ಬಂದು ಗುರುಗಳಿಗೆ ಕೈಮುಗಿದ. ಇದು ತಾನು ಸಜ್ಜು ಮಾಡಿದ ಮೊದಲ ಮನೆ, ಒಂದು ಗಳಿಗೆ ಬಂದು ಪಾದ ಇಡಬೇಕು ಅಂದ.

ಅಜ್ಜ ಬಂದರು. ಶಿಷ್ಯ ಅವರ ಗಡ್ಡಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ. ಮಂಚದ ಮೇಲೆ ಎರಡು ದಿಂಬು, ದಿಂಬಿನ ಮೇಲೆ ಜಮಖಾನೆ, ಗೆರೆ ಸರಿಯಾಗಿ ಹೆಗಲ ಹಿಂದೆ ಬರುವಷ್ಟು ಎತ್ತರ. ಅಜ್ಜ ಕೂಡುವ ಮೊದಲು ಗೋಡೆಯನ್ನು ನೋಡಿದರು. ಗೆರೆಯನ್ನೂ ನೋಡಿದರು. ಆಮೇಲೆ ಕೂತರು.

ಶಿಷ್ಯ ಅವರ ಹೆಗಲ ಮೇಲೆ ಕಂಬಳಿಯನ್ನು ಅಗಲವಾಗಿ ಹರಡಿ ಹಿಂದಕ್ಕೆ ಸರಿದ.

“ಅಲ್ಲಾಡಬ್ಯಾಡ್ರಿ ಅಜ್ಜಾರ.”

ಅಜ್ಜ ಅಲ್ಲಾಡಲಿಲ್ಲ.

ಫೋಟೋ ನೋಡಿ ದಲ್ಲಾಳಿ ಕುಣಿದಾಡಿದ. ಮೆಟ್ಟಿಲಿಲ್ಲದ ಮನೆ, ಗುರುಗಳು ಪಾದ ಇಟ್ಟ ಓಣಿ ಎಂದು ಕೆಳಗೆ ಬರೆದು ಊರೂರಿಗೆ ಕಳಿಸಿದ. ಆಶ್ರಮದ ಅಡುಗೆಮನೆಗೆ ಹೊಸ ತಗಡು ಬಂತು. ಅಜ್ಜ ಅದರ ಕೆಳಗೆ ಕೂತು ರೊಟ್ಟಿ ತಿಂದರು, ಮಳೆಯ ಸಪ್ಪಳ ಚೆಂದ ಕೇಳುತ್ತದೆ ಅಂದರು.

ತಿಂಗಳು ಕಳೆದ ಮೇಲೆ ಒಬ್ಬ ಹೆಂಗಸು ಹಾರ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹೆಸರು ಕಾಶವ್ವ. ದೂರದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಹೂ ಮಾರಿದವಳು. ಅವಳ ಮಗಳು ನೀಲವ್ವನಿಗೆ ಹುಟ್ಟಿದಾಗಿನಿಂದ ಕಾಲಿಲ್ಲ. ಗಾಲಿಕುರ್ಚಿ ಒಳಗೆ ಹೋಗುವಂಥ, ಒಂದೇ ಒಂದು ಮೆಟ್ಟಿಲೂ ಇಲ್ಲದ ಮನೆಗಾಗಿ ಏಳು ವರ್ಷ ಹುಡುಕಿದ್ದಳಂತೆ. ಈಗ ಸಿಕ್ಕಿತ್ತು, ಕೊಂಡಿದ್ದಳು. ಮಗಳನ್ನು ಕೆಳಗೆ ಬಿಟ್ಟು ಗುರುಗಳ ಕಾಲಿಗೆ ಬೀಳಲು ಬಂದಿದ್ದಳು.

“ಹೊಳಿ ದಂಡಿ ಬ್ಯಾಡ, ನೀರು ಬರತೈತಿ ಅಂದ್ರು ಮಂದಿ,” ಅಂದಳು. “ನಿಮ್ಮ ಫೋಟೋ ನೋಡಿದೆ. ಅಜ್ಜಾರ ಅಲ್ಲಿ ಕೂತಾರ ಅಂದಮ್ಯಾಲ ನೀರು ಹ್ಯಾಂಗ ಬಂದೀತು ಅಂತ ತಗೊಂಡೆ.”

ಅಜ್ಜ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡರು. ಆ ದಿನ ಅವರು ಊಟಕ್ಕೆ ಏಳಲಿಲ್ಲ.

ಅಡಿವೆಪ್ಪ ಅವರ ಕಾಲು ಹಿಡಿದು, ತಪ್ಪಾಯಿತು, ಎಲ್ಲ ತನ್ನದೇ ತಪ್ಪು ಎಂದು ಅತ್ತ.

“ಕಾಲು ಬಿಡು,” ಅಂದರು ಅಜ್ಜ. “ಎಲ್ಲಾ ನಿಂದ ಅಲ್ಲ. ಆ ಗೆರಿ ನಾ ನೋಡೇ ಕೂತೆ. ಗಡ್ಡ ಬಾಚಿದ್ದಿ, ಚೆಂದ ಕಾಣತೀನಿ ಅನಿಸ್ತು. ಕೇಳಬೇಕಾಗಿತ್ತು. ಕೇಳಲಿಲ್ಲ.”

ವ್ಯಾಪಾರ ಮುರಿಸುತ್ತೇನೆ ಎಂದು ಶಿಷ್ಯ ಪೇಟೆಗೆ ಓಡಿದ. ಮಾರಿದವನ ಪತ್ತೆ ಇರಲಿಲ್ಲ. ದಲ್ಲಾಳಿ ಎಲೆ ಅಡಿಕೆ ಜಗಿಯುತ್ತ, ಆ ಫೋಟೋದಲ್ಲಿ ಸುಳ್ಳು ಯಾವುದು ತೋರಿಸು ಅಂದ. ಗೋಡೆ ಬೆಳ್ಳಗೆ ಇರಲಿಲ್ಲವೇ? ಗುರುಗಳು ಕೂತಿರಲಿಲ್ಲವೇ? ಅಡಿವೆಪ್ಪ ಬರಿಗೈಯಲ್ಲಿ ಬಂದ.

ಮರುದಿನ ಬೆಳಿಗ್ಗೆ ಅಜ್ಜ ಅವನ ಮುಂದೆ ಒಂದು ಸಲಿಕೆ, ಒಂದು ಬುಟ್ಟಿ ಇಟ್ಟರು.

“ಮುಚ್ಚೋದು ನಿನಗ ಚಲೋ ಬರತೈತಿ. ಈ ಹನ್ನೊಂದು ಮೆಟ್ಟಿಲು ಮುಚ್ಚು.”

ಅವನು ಹದಿನೇಳು ದಿನ ಮಣ್ಣು ಹೊತ್ತ. ಮೆಟ್ಟಿಲಿದ್ದಲ್ಲಿ ಮಣ್ಣು, ಗರಸು ಸುರಿದು, ಬಡಿದು, ಗಾಲಿಕುರ್ಚಿ ಏರುವಂಥ ಇಳಿಜಾರು ಮಾಡಿದ. ಬೆನ್ನು ಹಿಡಿದುಕೊಂಡಿತು. ಅಜ್ಜ ಒಂದು ಬುಟ್ಟಿಯನ್ನೂ ಎತ್ತಿಕೊಡಲಿಲ್ಲ, ಸಾಕು ಅಂತಲೂ ಅನ್ನಲಿಲ್ಲ.

ಹದಿನೆಂಟನೆಯ ದಿನ ಅಜ್ಜ ತಾವೇ ಕೆಳಗಿಳಿದು ಹೋಗಿ ಕಾಶವ್ವನ ಹೊಸ್ತಿಲ ಹೊರಗೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗೆರೆ ತೋರಿಸಿದರು. ಇವತ್ತೇ ಆಶ್ರಮಕ್ಕೆ ನಡೆಯಿರಿ, ಇನ್ನು ಅದು ನಿಮ್ಮ ಮನೆ, ಇಲ್ಲಿ ನಾನಿರುತ್ತೇನೆ ಅಂದರು.

ಕಾಶವ್ವ ಅಳಲಿಲ್ಲ. ಕಾಲಿಗೂ ಬೀಳಲಿಲ್ಲ.

“ದೇವರ ಫೋಟೋ ಆಗಿದ್ರ ಅದು ಮಾತಾಡೂದಿಲ್ಲ ಅಂತ ತಿಳೀತಿದ್ದೆ,” ಅಂದಳು. “ನೀವು ಬಾಯಿ ಇದ್ದಾವ್ರು. ಒಂದು ಮಾತು ಹೇಳಾಕ ಆಗಲಿಲ್ಲೇನ್ರಿ?”

ದೊಡ್ಡವರ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ ಎಂದು ಯಾರೋ ಸುಮ್ಮನೆ ಹಬ್ಬಿಸಿದ್ದಾರೆ.

ಗಾಲಿಕುರ್ಚಿಯನ್ನು ಅಡಿವೆಪ್ಪನೇ ದಿಬ್ಬಕ್ಕೆ ನೂಕಿದ. ಅರ್ಧ ದಾರಿಯಲ್ಲಿ ನೀಲವ್ವ ತಿರುಗಿ, ಇಷ್ಟೂ ಮಣ್ಣು ನೀನೇ ಹೊತ್ತೆಯಾ ಎಂದು ಕೇಳಿದಳು. ಹೌದು ಅಂದ. ಮೊದಲೇ ಒಂದು ಖರೇ ಫೋಟೋ ತೆಗೆದಿದ್ದರೆ ಬೆನ್ನಾದರೂ ಉಳಿಯುತ್ತಿತ್ತಲ್ಲಪ್ಪ ಅಂದಳು.

ಅಜ್ಜ ಕೆಳಗಿನ ಮನೆಯಲ್ಲಿ ಉಳಿದರು. ಅದೇ ಮಂಚ, ಅದೇ ಗೋಡೆ. ಅಡಿವೆಪ್ಪ ದಿನಾ ರೊಟ್ಟಿ ತಂದುಕೊಟ್ಟು, ಮಳೆಗಾಲ ಬಂತು, ಮೇಲೆ ಬನ್ನಿ ಎಂದು ಕೇಳಿಕೊಳ್ಳುತ್ತಿದ್ದ. ಆಶ್ರಮದ ಅಂಗಳದಲ್ಲಾದರೂ ಮಲಗಿ ಅಂದ. ಆ ಕೆಲಸ ಬಿಟ್ಟೆ, ಇನ್ನೊಂದು ಮನೆಗೆ ಕೈ ಹಚ್ಚುವುದಿಲ್ಲ ಎಂದು ಆಣೆ ಮಾಡಿದ.

“ನೀ ಬಿಟ್ರ ಆ ಫೋಟೋ ಅಳಿಸಿ ಹೋಗತೈತೇನು?” ಅಂದರು ಅಜ್ಜ.

ಅಳಿಸಿ ಹೋಗಿರಲಿಲ್ಲ. ಫೋನಿನಿಂದ ಫೋನಿಗೆ ಹೋಗುತ್ತಲೇ ಇತ್ತು. ಅಜ್ಜ ಕೂತ ಓಣಿ ಎಂದು ಕೇಳಿಕೊಂಡು ಆ ತಿಂಗಳಲ್ಲೇ ಎರಡು ಸಂಸಾರಗಳು ಬಂದು ಆಚೀಚೆಯ ಖಾಲಿ ಮನೆ ನೋಡಿ ಹೋದವು. ಅಜ್ಜ ಬಾಗಿಲಿಗೆ ಬಂದು, ಇಲ್ಲಿ ನೀರು ಬರುತ್ತದೆ, ಕೊಳ್ಳಬೇಡಿ ಎಂದು ಕೂಗಿ ಹೇಳಿದರು. ಅವರು ದೂರದಿಂದಲೇ ಕೈಮುಗಿದರು. ಎಂಥ ನಿಗರ್ವಿ ಎಂದು ಮಾತಾಡಿಕೊಳ್ಳುತ್ತ ಹೋದರು.

ಶ್ರಾವಣದಲ್ಲಿ ಮೇಲಿನ ಸೀಮೆಗೆ ಮಳೆ ಹಿಡಿಯಿತು. ಅಣೆಕಟ್ಟೆಯ ಬಾಗಿಲು ತೆರೆಯುತ್ತಾರೆ ಎಂದು ಡಂಗುರ ಹೊಡೆದರು. ಓಣಿಯವರು ಕೋಳಿ, ಕುರಿ, ಕಾಳು ಹೊತ್ತುಕೊಂಡು ಬೆಳಗಾಗುವುದರೊಳಗೆ ದಿಬ್ಬ ಸೇರಿದರು. ಅಜ್ಜ ಬಂದಿರಲಿಲ್ಲ.

ಅಡಿವೆಪ್ಪ ಇಳಿದು ಹೋದಾಗ ಓಣಿಯಲ್ಲಿ ನೀರು ತೊಡೆಮಟ್ಟ ಇತ್ತು. ಬಾಗಿಲು ತೆರೆದೇ ಇತ್ತು. ಅಜ್ಜ ಮಂಚದ ಮೇಲೆ, ಅವನೇ ಇಟ್ಟಿದ್ದ ದಿಂಬಿನ ಮೇಲೆ, ಅದೇ ಕಂಬಳಿ ಹೊದ್ದು ಕೂತಿದ್ದರು. ಗಡ್ಡ ಬಾಚಿರಲಿಲ್ಲ.

“ಏಳ್ರಿ ಅಜ್ಜಾರ, ನಿಮ್ಮ ಕಾಲಿಗೆ ಬೀಳತೀನಿ,” ಅಂದ.

ಕಾಲುಗಳು ನೀರಿನಲ್ಲಿದ್ದವು.

ಇಳಿಜಾರಿನ ಮಣ್ಣು ಕುಸಿಯಿತೇ ಎಂದು ಅಜ್ಜ ಕೇಳಿದರು. ಇಲ್ಲ, ಗಟ್ಟಿಯಾಗಿ ನಿಂತಿದೆ ಅಂದ. ನೀಲವ್ವ? ಮೇಲೆ ಬಂದವರಿಗೆಲ್ಲ ಗಂಜಿ ಬಡಿಸುತ್ತಿದ್ದಾಳೆ ಅಂದ. ಅಜ್ಜ ತಲೆ ಆಡಿಸಿದರು. ಬಹಳ ದಿನದ ಮೇಲೆ ಅವರ ಮುಖ ಸ್ವಲ್ಪ ಸಡಿಲಾಯಿತು.

ಅಡಿವೆಪ್ಪ ಅವರ ರಟ್ಟೆ ಹಿಡಿದು ಎಳೆದ. ಎಪ್ಪತ್ತೆಂಟು ವರ್ಷದ ಮುದುಕ ಕಂಬದ ಹಾಗೆ ಕೂತಿದ್ದರು. ಅವನು ಮತ್ತೆ ಎಳೆದ, ಬೈದ, ಅತ್ತ. ನೀರು ಜಮಖಾನೆಯ ಅಂಚನ್ನು ಮುಟ್ಟಿತು.

“ಫೋನು ಐತೇನು?” ಅಜ್ಜ ಕೇಳಿದರು.

ದಲ್ಲಾಳಿ ಕೊಟ್ಟ ಫೋನು ಇನ್ನೂ ಅವನ ಜೇಬಿನಲ್ಲೇ ಇತ್ತು.

ಅಜ್ಜ ಹೆಗಲ ಮೇಲಿನ ಕಂಬಳಿ ತೆಗೆದು ನೀರಿಗೆ ಬಿಟ್ಟರು. ಒಂದು ಮೊಳ ಪಕ್ಕಕ್ಕೆ ಸರಿದು ಕೂತರು. ಹಿಂದಿನ ಗೋಡೆಯಲ್ಲಿ ಆ ಕಂದು ಗೆರೆ ಹಾಗೇ ಇತ್ತು.

“ಅವತ್ತು ಅಲ್ಲಾಡಬ್ಯಾಡ್ರಿ ಅಂದಿದ್ದಿ,” ಅಂದರು. “ಇವತ್ತು ನೀರು ಆ ಗೆರಿ ಮುಟ್ಟೂತನಕ ನಾ ಅಲ್ಲಾಡೂದಿಲ್ಲ. ತೆಗಿ ಫೋಟೋ.”