ಹುಳ ಅರೆದ ನಿಂಬೆವ್ವ

ಯಾವ ಕಾಲವೋ ಏನೋ, ನಮ್ಮಜ್ಜನಿಗೂ ಇದು ಹಳೆಯ ಮಾತೇ. ಎರೆಮಣ್ಣಿನ ಸೀಮೆಯ ಒಂದೂರಲ್ಲಿ ನಿಂಬೆವ್ವ ಅಂತ ಒಬ್ಬಾಕೆ ಇದ್ದಳಂತೆ. ಯಾರ ಮನೆಯ ಮದುವೆಯಾದರೂ ಹೋಳಿಗೆಗೆ ತೊಗರಿಬೇಳೆಯ ಹೂರಣ ಅರೆಯುವವಳು ಅವಳೇ. ತನ್ನ ಅರೆಯುವ ಕಲ್ಲನ್ನು ತಲೆಯ ಮೇಲೆ ಹೊತ್ತೇ ಬರುತ್ತಿದ್ದಳಂತೆ. ಕಲ್ಲು ಹೊತ್ತದ್ದು ಸುಳ್ಳಿರಬಹುದು, ಹೂರಣದ ಮಾತು ಮಾತ್ರ ಖರೆ.

ಒಂದು ವರ್ಷ ತೊಗರಿಗೆ ಕಾಯಿಕೊರಕ ಹುಳ ಬಿತ್ತು. ಎಂಥ ಹುಳ ಅಂತೀರಿ, ಬದುವಿನ ಮೇಲೆ ನಿಂತರೆ ಮೇಯುವ ಸದ್ದು ಕೇಳುತ್ತಿತ್ತಂತೆ! ಪೇಟೆಯಿಂದ ವಿಷದ ಪುಡಿ ತಂದು ತೂರಿದರು. ಜೇನು ಸತ್ತವು, ಹಕ್ಕಿಗಳು ಊರು ಬಿಟ್ಟವು, ಹುಳ ಮಾತ್ರ ವಿಷವನ್ನೇ ಅರಗಿಸಿಕೊಂಡು ಕೊಬ್ಬಿದವು. ತೊಗರಿ ಹೋದರೆ ಊರಿಗೆ ವರ್ಷವಿಡೀ ಬೇಳೆಯಿಲ್ಲ, ಬಿತ್ತಲು ಬೀಜವೂ ಇಲ್ಲ.

ಅಷ್ಟರಲ್ಲಿ ಒಂದು ಹೊಲದಲ್ಲಿ ಕೆಲವು ಹುಳ ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ಜೋತುಬಿದ್ದು, ಕಪ್ಪಗಾಗಿ ಸತ್ತವು. ಮುಟ್ಟಿದರೆ ನೀರಾಗಿ ಒಡೆಯುತ್ತಿದ್ದವು. ಊರು ಹೌಹಾರಿತು. ಇದು ಮಾರಿಬೇನೆ, ಇವತ್ತು ಹುಳಕ್ಕೆ, ನಾಳೆ ದನಕ್ಕೆ, ನಾಡಿದ್ದು ನಮಗೆ ಅಂದರು. ಮಾರಿಯನ್ನು ಏನು ಮಾಡುತ್ತಾರೆ? ಗಡಿ ದಾಟಿಸುತ್ತಾರೆ. ಸತ್ತ ಹುಳಗಳನ್ನು ಮೊರಕ್ಕೆ ತುಂಬಿ, ಅರಿಸಿನ ಕುಂಕುಮ ಏರಿಸಿ, ಹಲಗೆ ಬಡಿಯುತ್ತ ಒಯ್ದು ಆಚೆ ಊರಿನ ತೊಗರಿಯಲ್ಲಿ ಸುರಿದು, ಹಿಂದೆ ತಿರುಗಿ ನೋಡದೆ ಬಂದರಂತೆ.

ಕೆಲವು ದಿನ ಕಳೆದು ಕಟ್ಟಿಗೆಗೆ ಹೋದ ನಿಂಬೆವ್ವ ಗಡಿಯಾಚೆ ನೋಡುತ್ತಾಳೆ, ಸುರಿದ ಜಾಗದ ಸುತ್ತ ಒಂದು ಹುಳವೂ ಜೀವಂತ ಇಲ್ಲ! ಎಲ್ಲ ತಲೆಕೆಳಗೆ ಜೋತಾಡುತ್ತಿವೆ, ಕಾಯಿ ಗೊಂಚಲು ಗೊಂಚಲು ಉಳಿದಿವೆ. ನಮ್ಮ ಜಾಣರು ಔಷಧವನ್ನು ಮೆರವಣಿಗೆ ಮಾಡಿ ಪಕ್ಕದೂರಿಗೆ ಕೊಟ್ಟುಬಂದಿದ್ದರು.

ಆ ಹುಳಗಳನ್ನೇ ಉಡಿ ತುಂಬ ಆರಿಸಿಕೊಂಡು ಓಡಿಬಂದಳಂತೆ. ಬಂದವಳೇ ತನ್ನ ಕಲ್ಲಿಗೆ ಹಾಕಿ ಅರೆಯತೊಡಗಿದಳು. ಅತ್ತೆ ಬಾಯಿಬಾಯಿ ಬಡಿದುಕೊಂಡಳು.

"ಹುಚ್ಚಿ, ನಾಳೆ ಈ ಕಲ್ಲಿನ ಹೂರಣ ಯಾರು ತಿಂತಾರ?"

"ತೊಗರಿನ ಹೋದ ಮ್ಯಾಲ ಹೂರಣ ಎಲ್ಲಿಂದ ಬರತೈತಿ ಅತ್ತಿ?"

ಅರೆದದ್ದನ್ನು ಬಟ್ಟೆಯಲ್ಲಿ ಸೋಸಿ, ಬೆಲ್ಲದ ನೀರು ಬೆರೆಸಿ, ಹೊತ್ತು ಇಳಿದ ಮೇಲೆ ಬೇವಿನ ಟೊಂಗೆಯಿಂದ ತನ್ನ ಹೊಲಕ್ಕೆ ಚಿಮುಕಿಸಿದಳು. ಮೊದಲು ಜನ ನಕ್ಕರು. ಅವಳ ಹೊಲದ ಹುಳಗಳೂ ತುದಿ ಹತ್ತಿ ಜೋತುಬಿದ್ದದ್ದು ನೋಡಿ, ಊರಿಗೆ ಊರೇ ಕೊಡ ಹೊತ್ತು ಅವಳ ಬಾಗಿಲಿಗೆ ಬಂತು. ಕೈ ಬೊಬ್ಬೆ ಬರುವಂತೆ ಅರೆದುಕೊಟ್ಟಳಂತೆ. ತೊಗರಿ ಉಳಿಯಿತು, ರಾಶಿ ಆಯಿತು!

ಆದರೆ ಆ ಸುಗ್ಗಿಯ ಮದುವೆಗಳಲ್ಲಿ ಅವಳನ್ನು ಒಬ್ಬರೂ ಹೂರಣಕ್ಕೆ ಕರೆಯಲಿಲ್ಲ. ಹುಳ ಅರೆದ ಕಲ್ಲು ಅಂತ ಹೇಸಿದರು. ಉಂಡ ಮನೆಯ ಜಂತಿ ಎಣಿಸುವುದು ಅಂದರೆ ಇದೇ. ಬೇರೆಯವರ ಮನೆಯ ಹೋಳಿಗೆಯ ವಾಸನೆ ಬಂದಾಗ ಬಾಗಿಲು ಹಾಕಿಕೊಂಡು ಅಳುತ್ತಿದ್ದಳಂತೆ.

ಕೊನೆಗೆ ಗೌಡರ ಮುದುಕಿ ತಾಯಿ ಗೌರಬಾಯಿ ಮೊಮ್ಮಗನ ಮದುವೆಗೆ ಹೇಳಿಕಳಿಸಿದಳು, ನಿಂಬೆವ್ವನೂ ಬೇಕು, ಆ ಕಲ್ಲೂ ಬೇಕು ಅಂತ. ಕಲ್ಲನ್ನು ತೊಳೆದು, ಬೂದಿ ಹಾಕಿ ತಿಕ್ಕಿ, ಮತ್ತೆ ತೊಳೆದು ನಿಂಬೆವ್ವ ಹೂರಣ ಅರೆದಳು. ಪಂಕ್ತಿಯಲ್ಲಿ ಹೋಳಿಗೆ ಬಡಿಸಿದರು. ಒಂದು ಕೈಯೂ ಮೇಲೇಳಲಿಲ್ಲ. ಆಗ ಗೌರಬಾಯಿ, ಹುಟ್ಟಿದಂದಿನಿಂದ ಗಂಡಸರ ಎದುರು ಕೂತು ಉಣ್ಣದವಳು, ಬಂದು ಗಂಡಸರ ಪಂಕ್ತಿಯ ಮೊದಲಿಗೆ ಕೂತಳಂತೆ. ಹೋಳಿಗೆ ಮುರಿದು ಪೂರ್ತಿ ತಿಂದಳಂತೆ.

"ನಿಂಬೆವ್ವಾ, ಇನ್ನೊಂದ ಹಾಕವ್ವ" ಅಂದಳಂತೆ.

ಈಗ ಆ ಊರಲ್ಲಿ ಮನೆಮನೆಗೆ ಮಿಕ್ಸಿ ಬಂದಿದೆ. ಆದರೂ ಮದುವೆಯ ಊಟದಲ್ಲಿ ಮನೆಯ ಹಿರಿಯ ಹೆಂಗಸು ಗಂಡಸರ ಪಂಕ್ತಿಯ ಮೊದಲಿಗೆ ಕೂರುತ್ತಾಳೆ. ಆಕೆ ಒಂದು ಹೋಳಿಗೆ ತಿಂದು ಇನ್ನೊಂದು ಕೇಳುವವರೆಗೆ ಯಾರೂ ಎಲೆಗೆ ಕೈ ಇಡುವುದಿಲ್ಲ.