ಎತ್ತಿನ ಸೋಮವಾರ

"ಗುರುಗಳೇ, ಸಾಲ ತೀರಿದ ಮೇಲೂ ಸಾಲ ಮಾಡಿಸಿದ ಬುದ್ಧಿ ಹೋಗುವುದಿಲ್ಲವಲ್ಲ, ಅದಕ್ಕೇನು ಮಾಡಲಿ?" ಎಂದು ಮಂದಾಕಿನಿ ಕೇಳಿದಳು.

ಅವಳು ಆಶ್ರಮಕ್ಕೆ ಬರತೊಡಗಿ ಒಂದು ವರ್ಷವಾಗಿತ್ತು. ಎಲ್ಲರ ಮುಂದೆ ಎಂದೂ ಪ್ರಶ್ನೆ ಕೇಳಿದವಳಲ್ಲ. ಅಂದು ಉಳಿದವರು ಊಟಕ್ಕೆ ಎದ್ದುಹೋಗುವವರೆಗೆ ಕಾದು ಕುಳಿತಿದ್ದಳು.

"ಯಾವುದರ ಸಾಲ?" ಎಂದರು ಗುರುಗಳು.

"ಬಟ್ಟೆಯದು." ಅವಳ ದನಿ ಇಳಿಯಿತು. "ನೋಡಿದಾಗ ಬೇಕು ಅನ್ನಿಸುತ್ತಿತ್ತು, ತರುತ್ತಿದ್ದೆ. ತಂದ ಮೇಲೆ ಪೆಟ್ಟಿಗೆಯಲ್ಲಿ ಇಟ್ಟು ಮರೆಯುತ್ತಿದ್ದೆ. ಆಮೇಲೆ ನಾನಷ್ಟು ಕಟ್ಟಿದೆ, ಅಣ್ಣ ಅಷ್ಟು ಕಟ್ಟಿದ. ಈಗ ಯಾರಿಗೂ ಏನೂ ಕೊಡಬೇಕಾಗಿಲ್ಲ. ಆದರೂ ನಿನ್ನೆ ಅಂಗಡಿಯ ಮುಂದೆ ಕಾಲು ನಿಂತುಬಿಟ್ಟಿತು. ಆಸೆಯನ್ನು ಬೇರುಸಹಿತ ಕೀಳದೆ ಬೇರೆ ದಾರಿಯೇ ಇಲ್ಲವೇ?"

"ಹಾಗೆ ಕಿತ್ತವರನ್ನು ನಾನು ಕಂಡಿಲ್ಲ," ಎಂದರು ಗುರುಗಳು. "ಒಬ್ಬ ಗಾಣಗಿತ್ತಿಯ ಕತೆ ಗೊತ್ತು. ಕೂತುಕೋ, ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಮನೆಯಲ್ಲಿ ಒಂದು ಗಾಣ, ಒಂದು ಎತ್ತು, ಅವನು, ಅವನ ಹೆಂಡತಿ. ಎಳ್ಳು, ಹುಚ್ಚೆಳ್ಳು ತಂದು ಎಣ್ಣೆ ತೆಗೆದು ಮಾರುತ್ತಿದ್ದರು. ಸೋಮವಾರ ಒಂದು ದಿನ ಗಾಣ ನಿಲ್ಲುತ್ತಿತ್ತು. ಅದು ಬಸವನ ದಿನ. ಅಂದು ಅವರ ಕುಲದವರು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ.

ಗಾಣಗಿತ್ತಿ ದುಂದುಗಾತಿಯೇನೂ ಅಲ್ಲ. ಉಪ್ಪಿನಕಾಯಿಯ ಹೋಳನ್ನು ಎರಡು ಮಾಡಿ ಬಡಿಸುವವಳು. ಅಂಥವಳು ಕೆಟ್ಟದ್ದು ಒಂದು ತುಂಡು ಬಟ್ಟೆಯಿಂದ. ಅದೂ ಪುಕ್ಕಟೆ ಬಂದದ್ದು.

ನೆರೆಮನೆಯ ನಾಮಕರಣಕ್ಕೆ ಹೋಗಿದ್ದಾಗ ಅರಿಶಿನ ಕುಂಕುಮದ ಜೊತೆ ಅವಳ ಮಡಿಲಿಗೆ ಒಂದು ರವಿಕೆ ಕಣ ಹಾಕಿದರು. ಇಂಥ ಕಣಗಳನ್ನು ಸಾಮಾನ್ಯವಾಗಿ ಯಾರೂ ಹೊಲಿಸಿಕೊಳ್ಳುವುದಿಲ್ಲ. ಈ ಮನೆಯಿಂದ ಬಂದದ್ದನ್ನು ಆ ಮನೆಗೆ ದಾಟಿಸುತ್ತಾರೆ. ಊರೆಲ್ಲ ಸುತ್ತಿ ಮೊದಲು ಕೊಟ್ಟವಳ ಮಡಿಲಿಗೇ ಮರಳಿದ ಕಣಗಳೂ ಉಂಟು. ಆದರೆ ಇದು ನವಿಲಿನ ಕೊರಳಿನ ಬಣ್ಣದ್ದು. ಗಾಣಗಿತ್ತಿಗೆ ದಾಟಿಸುವ ಮನಸ್ಸಾಗಲಿಲ್ಲ. ಹೊಲಿಸಿಕೊಂಡಳು.

ಹೊಲಿಸಿದ ಮೇಲೆ ನೋಡಿದರೆ, ಅದಕ್ಕೆ ಒಪ್ಪುವ ಸೀರೆ ಮನೆಯಲ್ಲಿರಲಿಲ್ಲ. ಲೋಕದ ಹೆಂಗಸರು ಸೀರೆಗೆ ರವಿಕೆ ಹುಡುಕುತ್ತಾರೆ. ಇವಳು ರವಿಕೆಗೆ ಸೀರೆ ಹುಡುಕಿಕೊಂಡು ಜವಳಿ ಅಂಗಡಿಗೆ ಹೋದಳು.

ವ್ಯಾಪಾರಿ ಒಂದು ಸೀರೆ ಬಿಚ್ಚಿ ಅವಳ ಹೆಗಲ ಮೇಲೆ ಇಳಿಬಿಟ್ಟ. ಅವಳು ದುಡ್ಡು ತಂದಿಲ್ಲವೆಂದಳು.

"ದುಡ್ಡನ್ನ ಯಾರು ಕೇಳಿದ್ರು ಅಕ್ಕ?" ಎಂದ ವ್ಯಾಪಾರಿ. "ನೀವೆಲ್ಲಿ ಹೋಗ್ತೀರಿ, ನಾನೆಲ್ಲಿ ಹೋಗ್ತೀನಿ? ಗಾಣ ತಿರುಗ್ತಾ ಇರ್ಲಿ, ನೀವು ಕೊಡ್ತಾ ಇರಿ."

ಸೀರೆ ಮನೆಗೆ ಬಂತು. ಆ ಸೀರೆಯ ಪಕ್ಕದಲ್ಲಿ ಗಂಡನ ಪಂಚೆ ಎಣ್ಣೆಯ ಅರಿವೆಯಂತೆ ಕಂಡಿತು. ಅವನಿಗೊಂದು ಪಂಚೆ ಬಂತು. ಸೀರೆ ಉಟ್ಟು ಒಂದು ಮದುವೆಗೆ ಹೋದರು. ಅದೇ ಬಂಧುಗಳು ಸೇರುವ ಇನ್ನೊಂದು ಮದುವೆ ಬಂತು. ಅವರೆದುರು ಅದನ್ನೇ ಉಡುವುದು ಹೇಗೆ? ಇನ್ನೊಂದು ಸೀರೆ ಬಂತು. ಅದಕ್ಕೆ ನವಿಲಿನ ಬಣ್ಣದ ರವಿಕೆ ಒಪ್ಪಲಿಲ್ಲ. ಹೀಗೆಯೇ ನಡೆಯಿತು. ಪ್ರತಿ ಸಲವೂ ಅವಳು ತಂದದ್ದು ಒಂದೇ ಒಂದು. ಒಂದೇ ಒಂದು ತಂದವಳಿಗೆ ತಾನು ಸಾಲಗಾರ್ತಿಯೆಂದು ಹೇಗೆ ತಿಳಿದೀತು?

ತಿಳಿದದ್ದು ವ್ಯಾಪಾರಿ ಹಗ್ಗ ಹಿಡಿದು ಕೊಟ್ಟಿಗೆಗೆ ಬಂದಾಗ.

"ಸೀರೆಗಳನ್ನೇ ವಾಪಸ್ ತಗೊಂಡು ಹೋಗಿ," ಎಂದು ಅವಳು ಕೈಮುಗಿದಳು.

"ಉಟ್ಟ ಸೀರೇನ ಯಾರು ಕೊಳ್ತಾರೆ ಅಕ್ಕ? ಎತ್ತಾದ್ರೆ ಎಷ್ಟು ದುಡಿದ್ರೂ ಎತ್ತೇ," ಎಂದ ಅವನು. "ಒತ್ತೆ ಅಂತ ಇಟ್ಕೊಂಡಿರ್ತೀನಿ. ಸಾಲ ತೀರಿಸಿದ ದಿನ ಹೊಡ್ಕೊಂಡು ಬನ್ನಿ."

ಎತ್ತು ಹೋಯಿತು. ಗಾಣ ನಿಂತರೆ ಅನ್ನ ನಿಲ್ಲುತ್ತದೆ. ಮರುದಿನ ಗಾಣಿಗ ತಾನೇ ನೊಗಕ್ಕೆ ಹೆಗಲು ಕೊಟ್ಟ. ಹೆಂಡತಿಯನ್ನು ಬೈಯಲಿಲ್ಲ. ಸುತ್ತಿ ಸುತ್ತಿ ತಲೆ ತಿರುಗಿದಾಗ ಮಾತ್ರ ನಿಂತು, ನಗಲು ನೋಡಿದ.

"ಎತ್ತಿಗೆ ಕಟ್ಟೋ ಹಾಗೆ ನನ್ನ ಕಣ್ಣಿಗೂ ಒಂದು ಬಟ್ಟೆ ಕಟ್ಟೇ. ತಲೆ ಸುತ್ತೋದು ತಪ್ಪುತ್ತೆ."

"ನಿಮಗ್ಯಾಕೆ ಕಟ್ಟಲಿ," ಎಂದಳು ಅವಳು. "ಕಟ್ಟಿಕೊಂಡಿದ್ದವಳು ನಾನು." ಸೆರಗು ಸಿಕ್ಕಿಸಿ ಅವನ ಪಕ್ಕದಲ್ಲಿ ನಿಂತು ತಾನೂ ತಳ್ಳಿದಳು.

ಅಂದಿನಿಂದ ಅವಳು ಒಂದು ಕ್ರಮ ಹಿಡಿದಳು. ಅಡುಗೆಮನೆಯ ಗೂಡಿನಲ್ಲಿ ಮೂರು ಕುಡಿಕೆ ಇಟ್ಟಳು. ಸಂಜೆ ಎಣ್ಣೆ ಮಾರಿ ಬಂದ ದುಡ್ಡು ಕೈಯಲ್ಲಿ ಬೆಚ್ಚಗಾಗುವ ಮೊದಲೇ ಹಂಚುತ್ತಿದ್ದಳು. ಮೊದಲನೆಯದು ನಾಳೆಯ ಎಳ್ಳಿಗೆ. ಎರಡನೆಯದು ಹೊಟ್ಟೆಗೆ. ಮೂರನೆಯದು ಸಾಲಕ್ಕೆ. ಸಾರಿಗೆ ಬೇಳೆ ಕಡಿಮೆಯಾದ ದಿನವೂ ಮೂರನೆಯದಕ್ಕೆ ಕೈ ಹಾಕಲಿಲ್ಲ. ಹಾಕಬೇಕೆಂದು ಅನ್ನಿಸಲೂ ಇಲ್ಲ. ಅದು ಅವಳ ಮನೆಯಲ್ಲಿದ್ದರೂ ಅವಳದಾಗಿರಲಿಲ್ಲ.

ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಸಾಲ ತೀರಿತು. ಗಾಣಿಗ ಎತ್ತನ್ನು ಹೊಡೆದುಕೊಂಡು ಬಂದ. ಅದರ ಪಕ್ಕೆಲುಬುಗಳು ಕಾಣುತ್ತಿದ್ದವು. ಹೆಗಲ ಚರ್ಮ ದಪ್ಪಗಟ್ಟಿತ್ತು. ಗಾಣಗಿತ್ತಿ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಹಿಂಡಿ ಕಲಸಿ ಇಟ್ಟಳು.

ಸೋಮವಾರ ಬಂತು. ಬೆಳಗ್ಗೆ ಬಾಗಿಲು ತೆರೆದರೆ ಎತ್ತು ಕೊಟ್ಟಿಗೆಯಲ್ಲಿರಲಿಲ್ಲ. ಹಗ್ಗ ಎಳೆದುಕೊಂಡು ಬಂದು, ಗಾಣದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿತ್ತು.

"ಲೋ ದಡ್ಡ, ಇವತ್ತು ಸೋಮವಾರ ಕಣೋ," ಎಂದು ಗಾಣಿಗ ಬೆನ್ನು ತಟ್ಟಿ ಒಳಗೆ ಕಟ್ಟಿದ.

ಮುಂದಿನ ಸೋಮವಾರವೂ ಅದು ಹಾಗೆಯೇ ಬಂದು ನಿಂತಿತು. ಮನೆಗೆ ಮರಳಿದ ಸಂತೋಷಕ್ಕೆ ಹೀಗೆ ಮಾಡುತ್ತಿದೆ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ನಕ್ಕರು.

ಇತ್ತ ಮೂರನೆಯ ಕುಡಿಕೆಗೆ ದುಡ್ಡು ಬೀಳುವುದು ನಿಲ್ಲಲಿಲ್ಲ. ಸಾಲ ತೀರಿದ್ದು ಮನಸ್ಸಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕುಡಿಕೆ ತುಂಬುತ್ತ ಬಂತು. ಈಗ ಅದು ಯಾರದೂ ಅಲ್ಲ. ಯಾರದೂ ಅಲ್ಲದ ದುಡ್ಡಿಗೆ ನೂರು ಬಾಯಿ. ಗೂಡಿನ ಕಡೆ ನೋಡಿದಾಗಲೆಲ್ಲ ಅವಳಿಗೆ ಜವಳಿ ಅಂಗಡಿ ನೆನಪಾಗತೊಡಗಿತು.

ಅವಳು ಹೆದರಿದಳು. ಅಂಗಡಿಯ ಬೀದಿ ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತಿ ಬರತೊಡಗಿದಳು. ದಾರಿ ಉದ್ದವಾಯಿತು. ಅಂಗಡಿಯನ್ನು ನೆನೆಯಲು ಅಷ್ಟು ಹೆಚ್ಚು ಹೊತ್ತು ಸಿಕ್ಕಿತು. ಬೀದಿಯಲ್ಲಿ ನಡೆದಿದ್ದರೆ ಒಂದು ಸಲ ಕಾಣುತ್ತಿದ್ದ ಸೀರೆ, ಏರಿಯ ಮೇಲೆ ಹೆಜ್ಜೆ ಹೆಜ್ಜೆಗೂ ಕಂಡಿತು. ಇನ್ನು ಹೊಸ ಬಟ್ಟೆ ಮುಟ್ಟುವುದಿಲ್ಲವೆಂದು ದೇವರ ಮುಂದೆ ಆಣೆ ಇಟ್ಟಳು. ಆಣೆ ಇಟ್ಟ ಮೇಲೆ ದೇವರಿಗೆ ಉಡಿಸಿದ ಬಟ್ಟೆಯ ಅಂಚೂ ಅವಳ ಕಣ್ಣಿಗೆ ಬಿತ್ತು.

ಒಂದು ದಿನ ವ್ಯಾಪಾರಿಯೇ ಏರಿಯ ಮೇಲೆ ಎದುರಾದ.

"ಏನಕ್ಕ, ಸಾಲದ ಜೊತೆ ಸಂಬಂಧಾನೂ ತೀರಿಸಿಬಿಟ್ರಾ?" ಎಂದು ನಕ್ಕ. "ತಗೊಂಡು ತೀರಿಸಿದವರು ನೀವು. ನಿಮ್ಮಂಥವರಿಗೆ ಅಂಗಡೀನೇ ಬರೆದುಕೊಡ್ತೀನಿ. ಹೊಸ ಮಾಲು ಬಂದಿದೆ, ನೋಡೋಕೇನು ಖರ್ಚು?"

ಸೋಮವಾರ ಗಾಣಕ್ಕೆ ಬಿಡುವು. ಗಾಣಗಿತ್ತಿ ಕುಡಿಕೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೊರಟಳು. ಅಂಗಳದಲ್ಲಿ ಎತ್ತು ಎಂದಿನಂತೆ ಗಾಣದ ಪಕ್ಕ ನಿಂತಿತ್ತು. ಗಂಡ ಎದ್ದ ಮೇಲೆ ಕಟ್ಟುತ್ತಾನೆ ಎಂದುಕೊಂಡಳು. ಈ ಸಲ ಸಾಲವಲ್ಲ, ನಗದು ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು.

ಅಂಗಡಿಯಲ್ಲಿ ಸೀರೆ ಹೆಗಲ ಮೇಲೆ ಬಂತು. ಕುಂಕುಮದ ಬಣ್ಣ, ಬೆರಳಗಲದ ಜರಿ. ಅವಳು ಕುಡಿಕೆ ಸುರಿದಳು. ವ್ಯಾಪಾರಿ ಎಣಿಸಿದ. ದುಡ್ಡು ಸ್ವಲ್ಪ ಸಾಲಲಿಲ್ಲ.

"ಉಳಿದದ್ದು ಆಮೇಲೆ ಕೊಡಿ," ಎಂದ.

"ಬೇಡ. ಬಾಕಿ ನಿಂತರೆ ಮತ್ತೆ..."

"ನಿಂತರೆ ನಿಲ್ಲಲಿ ಬಿಡಿ, ಎತ್ತು ಇದೆಯಲ್ಲ!" ಎಂದು ವ್ಯಾಪಾರಿ ತಮಾಷೆ ಮಾಡಿದ. ಅವಳ ಮುಖ ಬಾಡಿದ್ದು ಕಂಡು ಹೊಗಳಲು ತೊಡಗಿದ. "ಬಂಗಾರದಂಥ ಎತ್ತು ಅಕ್ಕ ಅದು. ನಮ್ಮ ಸಂತೆ ಸೋಮವಾರ ನೋಡಿ, ಆಳು ಮಾಲಿನ ಗಾಡಿ ಹೊಡ್ಕೊಂಡು ಹೋಗ್ತಾನೆ. ನಿಮ್ಮೆತ್ತು ಒಂದು ಸಂತೇನೂ ತಪ್ಪಿಸಲಿಲ್ಲ. ಮೊದಮೊದಲು ಸೋಮವಾರ ಅಂದ್ರೆ ಏಳ್ತಾನೇ ಇರ್ಲಿಲ್ಲ, ಮೊಂಡು ಹಿಡೀತಿತ್ತು. ನಾಲ್ಕು ಏಟು ಬಿಟ್ಟ ಮೇಲೆ ಕಲ್ತುಕೊಳ್ತು. ಕರೆಯೋ ಮೊದಲೇ ತಾನಾಗಿ ಬಂದು ಗಾಡಿ ಪಕ್ಕ ನಿಂತಿರೋದು."

ಗಾಣಗಿತ್ತಿ ಹೆಗಲ ಮೇಲಿನ ಸೀರೆ ತೆಗೆದಳು. ಮಡಿಸಿ ಇಟ್ಟಳು. ದುಡ್ಡನ್ನು ಕುಡಿಕೆಗೆ ತುಂಬಿದಳು.

"ಯಾಕಕ್ಕ, ಬಣ್ಣ ಹಿಡಿಸಲಿಲ್ವಾ?"

"ಬಣ್ಣ ಚೆನ್ನಾಗಿದೆ. ದುಡ್ಡು ನನ್ನದಲ್ಲ. ಸಾಲ ಕೊಟ್ಟವರದ್ದು."

ವ್ಯಾಪಾರಿಗೆ ಹೊಟ್ಟೆಕಿಚ್ಚಾಯಿತು. "ನನ್ನನ್ನ ಬಿಟ್ಟು ಈ ಊರಲ್ಲಿ ನಿಮಗೆ ಸಾಲ ಕೊಟ್ಟ ಧಣಿ ಯಾರು?"

"ನಮ್ಮ ಕೊಟ್ಟಿಗೆಯಲ್ಲಿದ್ದಾರೆ," ಎಂದು ಅವಳು ಮೆಟ್ಟಿಲಿಳಿದಳು.

ಮನೆಗೆ ಬಂದಳು. ಎತ್ತು ಇನ್ನೂ ಗಾಣದ ಬಳಿಯೇ ಇತ್ತು. ಅದರ ಹೆಗಲಿಗೆ ಎಣ್ಣೆ ಹಚ್ಚಿ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಗಂಡನಿಗೆ ಎಲ್ಲವನ್ನೂ ಹೇಳಿದಳು. ಕುಡಿಕೆ ಹೊತ್ತು ಹೋದದ್ದನ್ನೂ ಬಿಡಲಿಲ್ಲ. ಅವನು ಬಹಳ ಹೊತ್ತು ಎತ್ತಿನ ಕೊರಳು ತುರಿಸುತ್ತ ನಿಂತಿದ್ದ.

ಆ ವಾರದಿಂದ ಸೋಮವಾರದ ಜೊತೆಗೆ ಗುರುವಾರವೂ ಗಾಣ ನಿಂತಿತು. ಹೋದ ಸೋಮವಾರಗಳನ್ನು ತಂದುಕೊಡಲು ಅವಳಿಂದಾಗದು. ಅದಕ್ಕೆ ಬದಲು ಗುರುವಾರ ಕೊಟ್ಟಳು. ಗಾಣ ನಿಂತ ದಿನದ ಖರ್ಚಿಗೆ ಮೂರನೆಯ ಕುಡಿಕೆಯಿಂದ ತೆಗೆದಳು. ಅದು ಖಾಲಿಯಾಗದಂತೆ ಉಳಿದ ದಿನ ತುಂಬಿದಳು. ಊರವರು ಆಡಿಕೊಂಡರು: ಸಾಲ ತೀರಿದ್ದೇ ತಡ, ಗಾಣಿಗರಿಗೆ ಸೋಮಾರಿತನ ಬಂತು. ಗುರುವಾರ ಮಧ್ಯಾಹ್ನ ಗಾಣಿಗ ಜಗಲಿಯ ಮೇಲೆ ಗೊರಕೆ ಹೊಡೆಯುವುದು ಅವರಿಗೂ ಕೇಳುತ್ತಿತ್ತು. ಅವನ ಹೆಗಲೂ ಆ ಕುಡಿಕೆಯ ಲೆಕ್ಕದಲ್ಲೇ ಇತ್ತು.

ಸೀರೆಯ ಆಸೆ ಹೋಯಿತೇ ಎಂದರೆ, ಇಲ್ಲ. ಅವಳು ಏರಿಯ ದಾರಿ ಬಿಟ್ಟು ಮತ್ತೆ ಅಂಗಡಿಯ ಬೀದಿಯಲ್ಲೇ ನಡೆದಳು. ತೂಗುಹಾಕಿದ ಸೀರೆಗಳನ್ನು ನೋಡಿದಳು. ಇದು ಚೆನ್ನಾಗಿದೆ, ಅದು ಅಷ್ಟಕ್ಕಷ್ಟೇ, ಎಂದುಕೊಂಡಳು. ಮನೆಗೆ ಬಂದಳು. ಮೂರನೆಯ ಕುಡಿಕೆಯ ಹಿಂದೆ ಒಂದು ಪುಟ್ಟ ಬಟ್ಟಲಿಟ್ಟು, ಮೂರೂ ಕುಡಿಕೆಗೆ ಹಾಕಿ ಉಳಿದ ಚಿಲ್ಲರೆಯನ್ನು ಅದಕ್ಕೆ ಹಾಕಿದಳು. ಕೆಲವು ದಿನ ಏನೂ ಉಳಿಯುತ್ತಿರಲಿಲ್ಲ. ಬಟ್ಟಲು ತುಂಬುವಷ್ಟರಲ್ಲಿ ಒಂದು ಯುಗಾದಿ ಹೋಗಿ ಇನ್ನೊಂದು ಯುಗಾದಿ ಬಂತು. ಆಗ ಹೋಗಿ ಗಟ್ಟಿ ನೂಲಿನ ಒಂದು ಸೀರೆ ತಂದಳು. ಅದಕ್ಕೆ ಯಾವ ರವಿಕೆ ತೊಟ್ಟರೂ ನಡೆಯುತ್ತಿತ್ತು.

ಹೀಗಿರಲು ಒಂದು ಸೋಮವಾರ ಬೆಳಗ್ಗೆ ಅವಳು ಬಾಗಿಲು ತೆರೆದಾಗ ಗಾಣದ ಬಳಿ ಯಾರೂ ಇರಲಿಲ್ಲ. ಹೆದರಿ ಕೊಟ್ಟಿಗೆಗೆ ಓಡಿದಳು. ಎತ್ತು ಮಲಗಿತ್ತು. ಬಿಸಿಲು ಅದರ ಬೆನ್ನಿನವರೆಗೆ ಬಂದಿತ್ತು. ಅವಳನ್ನು ಕಂಡು ಕಿವಿ ಆಡಿಸಿತು, ಏಳಲಿಲ್ಲ. ಮೆಲುಕು ಹಾಕುತ್ತ ಅಲ್ಲಿಯೇ ಇತ್ತು. ಗಾಣಗಿತ್ತಿ ಅದರ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತುಬಿಟ್ಟಳು. ಗಂಡ ಬಂದು ಏನಾಯಿತೆಂದು ಕೇಳುವವರೆಗೂ ಅಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಊಟದ ಮನೆಯಲ್ಲಿ ಎಲೆ ಎತ್ತುವ ಸದ್ದು ಕೇಳುತ್ತಿತ್ತು.

ಮಂದಾಕಿನಿಯ ಮುಖ ಹಗುರಾಗಿತ್ತು. "ಹಾಗಾದರೆ ಅಂದಿಗೆ ಅವಳ ಸಾಲ ತೀರಿತು," ಎಂದಳು. "ಗುರುವಾರ ಮತ್ತೆ ಗಾಣ ಕಟ್ಟಿರಬೇಕು, ಅಲ್ಲವೇ ಗುರುಗಳೇ?"

"ಕಟ್ಟಲಿಲ್ಲ. ತೀರಿತೆಂದು ಎತ್ತು ಹೇಳಲಿಲ್ಲ ಮಗಳೇ, ಬಾಕಿ ಇದೆ ಎಂದೂ ಅದು ಹೇಳಿರಲಿಲ್ಲ."