ಆರೋಗ್ಯಸ್ವಾಮಿ ಫೋಟೋ

ಅಲಸೂರಿನ ಒಂದು ಫುಟ್‌ಬಾಲ್ ಕ್ಲಬ್ಬಲ್ಲಿ ದೊಡ್ಡ ಆಟಗಾರರ ಫೋಟೋಗೆ ಅಂತಲೇ ಒಂದು ಗೋಡೆ ಇತ್ತು. ಅಲ್ಲಿ ರಿಟೈರಾದ ಡಿಫೆಂಡರ್ ಆರೋಗ್ಯಸ್ವಾಮಿ ಫೋಟೋ ಹಾಕಬೇಕೋ ಬೇಡವೋ ಅಂತ ಕಮಿಟಿ ಮೂರು ಗಂಟೆ ಕಿತ್ತಾಡ್ತು. ಆರೋಗ್ಯಸ್ವಾಮಿ ಅಂದ್ರೆ ಸುಮ್ನೆ ಅಲ್ಲ ಕಣ್ರಪ್ಪಾ! ಅವನು ಒದ್ದ ಚೆಂಡು ಕೆರೆಗೆ ಬಿದ್ರೆ ನಾಲ್ಕು ಮೀನು ಕರ್ಕೊಂಡೇ ವಾಪಸ್ ಬರ್ತಿತ್ತು.

ಅಧ್ಯಕ್ಷ ವರದರಾಜು ಒಪ್ಪಲಿಲ್ಲ. ಆರೋಗ್ಯಸ್ವಾಮಿ ಆಡ್ತಿದ್ದ ಕಾಲಕ್ಕೆ ಅವರು ಎದುರು ಟೀಮಿನ ಫಾರ್ವರ್ಡು; ಗೋಲ್ ಹೊಡೀಬೇಕಂದ್ರೆ ಅವನನ್ನ ದಾಟ್ಕೊಂಡೇ ಹೋಗಬೇಕಿತ್ತು.

"ಒಂದು ಗೋಲೂ ಹೊಡೀದೇ ಇರೋನು! ಅವನನ್ನ ಯಾರ್ರೀ ನೆನಪಿಟ್ಕೊಂಡಿದಾರೆ? ನನಗೇ ಮರೆತುಹೋಗಿದೆ. ಹೆಸರು ಹೊಡೆದುಹಾಕಿ!"

ಮೈದಾನಕ್ಕೆ ಸುಣ್ಣದ ಗೆರೆ ಎಳೆಯೋ ಮುದುಕ ಆಗ ಟೀ ತಂದಿದ್ದ. ಆರೋಗ್ಯಸ್ವಾಮಿಯ ಒಂದೊಂದು ಆಟಾನೂ ಗೆರೆ ಪಕ್ಕದಲ್ಲೇ ಕೂತು ನೋಡಿದೋನು ಅವನು. ಅಧ್ಯಕ್ಷರ ಮುಂದೆ ಲೋಟ ಇಟ್ಟು, ಬಾಗಿಲ ಕಡೆ ತಿರುಗಿ ಕೂಗಿದ.

"ಬಾರಣ್ಣ ಆರೋಗ್ಯಸ್ವಾಮಿ, ಒಳಗೆ ಬಾ!"

ಅಧ್ಯಕ್ಷರು ಎರಡೂ ಕಾಲು ಎತ್ಕೊಂಡು ಕುರ್ಚಿ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಬಿಟ್ರು.

ಬಾಗಿಲಲ್ಲಿ ಯಾರೂ ಇರಲಿಲ್ಲ.

"ನೀವು ಮರೆತಿರಬಹುದು ಸಾರ್," ಅಂದ ಮುದುಕ, "ನಿಮ್ಮ ಕಾಲಿಗೆ ಚೆನ್ನಾಗಿ ಜ್ಞಾಪಕ ಇದೆ."

ಕಮಿಟಿಯೋರು ನಗ್ತಾ ನಗ್ತಾನೇ ಕೈ ಎತ್ತಿದ್ರು. ಫೋಟೋ ಗೋಡೆ ಏರಿತು. ಅಧ್ಯಕ್ಷರ ಕುರ್ಚಿ ಮಾತ್ರ ಅವತ್ತಿಂದ ಆ ಗೋಡೆಯಿಂದ ಎಂಟಡಿ ದೂರದಲ್ಲೇ ಇದೆ.